ಹೋದ ದಾರಿಯಲ್ಲೇ ವಾಪಸ್ ಬನ್ನಿ: ಬಡಾವಣೆಯಲ್ಲಿ ಕಸೂತಿ ಕಾರ್ಯಾಗಾರ ನಡೆಸುವುದು ಹೇಗೆ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಲೈಬ್ರರಿಗಳಲ್ಲಿ, ಸಮುದಾಯ ಭವನಗಳಲ್ಲಿ ನಡೆದ ಎಷ್ಟೋ ಕಸೂತಿ ಕಾರ್ಯಾಗಾರಗಳಲ್ಲಿ ನಾನು ಕೂತಿದ್ದೇನೆ. ಕೆಲವು ಕಡೆ ಕಲಿಯಲು, ಕೆಲವು ಕಡೆ ಕಲಿಸಲು. ಎಲ್ಲ ಕಡೆಯೂ ಜನ ಎಡವುವ ಜಾಗ ಒಂದೇ. ಮೊದಲ ಅರ್ಧ ಗಂಟೆ ನಗು, ಮಾತು, ಫೋಟೊ ಜೋರಾಗಿರುತ್ತದೆ. ಆಮೇಲೆ ಹೊಲಿಗೆ ಸಾಲಿನ ತುದಿ ಮುಟ್ಟಿ ಸೂಜಿ ವಾಪಸ್ ತಿರುಗಬೇಕಾದ ಹೊತ್ತು ಬರುತ್ತದೆ. ಕೋಣೆ ಸುಮ್ಮನಾಗುತ್ತದೆ. ದಾರ ಗಂಟಾಗುತ್ತದೆ, ಬಟ್ಟೆಯ ಹಿಂಭಾಗ ಜೇಡರ ಬಲೆಯಾಗುತ್ತದೆ. "ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ" ಎಂದುಕೊಂಡು ಹೊಸಬರು ಮನೆಗೆ ಹೋಗುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಬಹಳ ಬೇಜಾರಾಗುತ್ತದೆ. ಅವರ ಕೈಯಲ್ಲಿ ಏನೂ ತಪ್ಪಿರುವುದಿಲ್ಲ. ಹೇಳಿಕೊಡುವ ಕ್ರಮದಲ್ಲಿ ತಪ್ಪಿರುತ್ತದೆ.

ನಿಮ್ಮ ಬಡಾವಣೆಯಲ್ಲಿ ಇಂಥದೊಂದು ಕೂಟ ನಡೆಸುವ ಆಸೆ ಇದ್ದರೆ ಹೀಗೆ ಮಾಡಿ.

ಮೊದಲು ಪ್ರಕಟಣೆ

ವಾಟ್ಸ್ಆ್ಯಪ್ ಗುಂಪಿನಲ್ಲಿ "ಭಾನುವಾರ ಕಸೂತಿ ಕಾರ್ಯಾಗಾರ" ಎಂದಷ್ಟೇ ಹಾಕಬೇಡಿ. ನಮ್ಮ ಮಾತಿನಲ್ಲಿ ಕಸೂತಿ ಎಂದರೆ ಯಾವ ಸೂಜಿ ಕೆಲಸವೂ ಆಗಬಹುದು. ಒಬ್ಬರು ರವಿಕೆಗೆ ಆರಿ ಕೆಲಸ ಕಲಿಯಲು ಬರುತ್ತಾರೆ, ಇನ್ನೊಬ್ಬರು ಸೀರೆ ಕುಚ್ಚು ಹಾಕುವುದಕ್ಕೆ. "ಧಾರವಾಡ ಕಡೆಯ ಕಸೂತಿ, ಬಟ್ಟೆಯ ಎಳೆ ಎಣಿಸಿ ಮಾಡುವಂಥದ್ದು" ಎಂದು ಬಿಡಿಸಿ ಬರೆಯಿರಿ. ಕನ್ನಡಕ ಹಾಕುವವರು ಮರೆಯದೆ ತನ್ನಿ ಎಂದೂ ಸೇರಿಸಿ.

ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ. ಇದರಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಹಿಂದೊಮ್ಮೆ ಒಂದು ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತೈದು ಜನರನ್ನು ಕೂರಿಸಿ, ಕೊನೆಯ ಸಾಲಿನಲ್ಲಿದ್ದ ಆರು ಜನರ ಹತ್ತಿರ ಒಮ್ಮೆಯೂ ಹೋಗಲಾಗದೆ ಎರಡೂವರೆ ಗಂಟೆ ಮುಗಿಸಿದ್ದೆವು. ಅವರಲ್ಲಿ ಒಬ್ಬರೂ ಮತ್ತೆ ಬರಲಿಲ್ಲ. ಮೂರು ಹೊಸಬರಿಗೆ ಒಬ್ಬ ಅನುಭವಿ, ಇದು ಸರಿಯಾದ ಲೆಕ್ಕ.

ಜಾಗ

ಕಿಟಕಿ ಇರುವ ಕೋಣೆ, ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆ. ಸಂಜೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಳೆ ಎಣಿಸುವುದು ಕಣ್ಣಿಗೆ ಶಿಕ್ಷೆ. ಕಬ್ಬನ್ ಪಾರ್ಕಿನ ಮರದ ಕೆಳಗೆ ಮಾಡೋಣ ಅನ್ನುವವರು ಇದ್ದೇ ಇರುತ್ತಾರೆ. ಚೆನ್ನಾಗಿರುತ್ತದೆ, ಆದರೆ ಮೊದಲ ಸಲಕ್ಕೆ ಬೇಡ. ನೆರಳು ಸರಿಯುತ್ತಿರುತ್ತದೆ, ಗಾಳಿಗೆ ದಾರ ಸುತ್ತಿಕೊಳ್ಳುತ್ತದೆ, ಬಿದ್ದ ಸೂಜಿ ಹುಲ್ಲಿನಲ್ಲಿ ಸಿಗುವುದಿಲ್ಲ.

ಬಟ್ಟೆ, ದಾರ, ಸೂಜಿ

ಸಾಮಾನಿಗೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಕಡೆ ಹೋಗಿ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆದರೆ ಸಾಕು, ಪಾರ್ಕಿಂಗ್ ಹುಡುಕುವ ಕಷ್ಟ ತಪ್ಪುತ್ತದೆ. ವಾರದ ದಿನ ಹೋಗಿ.

ತಲೆಗೆ ಎಂಟಿಂಚು ಚೌಕದ ಒಂದು ತುಂಡು ಮ್ಯಾಟಿ ಬಟ್ಟೆ ಬೇಕು. ಇದರ ನೇಯ್ಗೆಯಲ್ಲೇ ಚೌಕಾಬಾರದ ಹಾಸಿನ ಹಾಗೆ ಮನೆಗಳಿರುತ್ತವೆ. ಇಂಚಿಗೆ 11 ಮನೆ ಬರುವ ಬಟ್ಟೆ ಕೇಳಿ. 14 ಮನೆಯದು ನೋಡಲು ನಾಜೂಕು, ಆದರೆ ಐವತ್ತು ದಾಟಿದವರಿಗೆ ಮೊದಲ ದಿನವೇ ತಲೆನೋವು ತರುತ್ತದೆ. ಸೂಜಿ ಮೊಂಡು ತುದಿಯದೇ ಆಗಬೇಕು, 24ನೇ ನಂಬರಿನದು. ಚೂಪು ಸೂಜಿ ಬಟ್ಟೆಯ ಎಳೆಯನ್ನೇ ಸೀಳಿಕೊಂಡು ಹೋಗುತ್ತದೆ. ಮೊದಲು ಹಾಕಿದ ದಾರಕ್ಕೂ ಚುಚ್ಚಿಕೊಳ್ಳುತ್ತದೆ, ಆಮೇಲೆ ಬಿಚ್ಚಲೂ ಆಗುವುದಿಲ್ಲ.

ದಾರದ ವಿಷಯದಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಆಂಕರ್‌ನಂಥ ಆರೆಳೆಯ ಹತ್ತಿ ದಾರ ತನ್ನಿ. ಒಂದು ಲಡಿಯಲ್ಲಿ 8 ಮೀಟರ್ ಇರುತ್ತದೆ, ಎರಡೆರಡು ಎಳೆ ಬಿಡಿಸಿ ಬಳಸಿದರೆ ಮೂರು ಪಟ್ಟು ಆಗುತ್ತದೆ. ರೇಷ್ಮೆಯಂತೆ ಹೊಳೆಯುವ, ಹೆಸರೇ ಇಲ್ಲದ ಅಗ್ಗದ ದಾರ ಗುಡ್ಡೆ ಹಾಕಿ ಮಾರುತ್ತಾರೆ. ದಯವಿಟ್ಟು ಮುಟ್ಟಬೇಡಿ. ಅದು ಜಾರುತ್ತದೆ, ಸಿಂಬಿ ಸುತ್ತುತ್ತದೆ, ಕೆಂಪು ಬಣ್ಣದ್ದಾದರೆ ಮೊದಲ ಒಗೆತಕ್ಕೇ ಬಟ್ಟೆಯೆಲ್ಲ ಗುಲಾಬಿ. ಯಾವ ದಾರವಾದರೂ ಸರಿ, ಒಂದು ತುಂಡು ಬಿಸಿನೀರಿನಲ್ಲಿ ಅದ್ದಿ, ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಕೈಬಿಡಿ.

ಒಂದು ಸಲಕ್ಕೆ ಒಂದು ಮೊಳ ದಾರ ಕತ್ತರಿಸಿದರೆ ಸಾಕು. ಮತ್ತೆ ಮತ್ತೆ ಪೋಣಿಸುವ ಸೋಮಾರಿತನಕ್ಕೆ ಉದ್ದ ತೆಗೆದುಕೊಂಡವರೇ ಗಂಟು ಬಿಚ್ಚುತ್ತಾ ಕೂರುವುದು. ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ದುಂಡು ಚೌಕಟ್ಟು, ಅಂದರೆ ಹೂಪ್ ಹಾಕಿಸುವುದೂ ನನಗೆ ಇಷ್ಟವಿಲ್ಲ. ಮೊದಲ ದಿನ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಮಾಡಲಿ, ಹಿಂದೆ ಮುಂದೆ ಬೇಗ ಬೇಗ ತಿರುಗಿಸಿ ನೋಡಲು ಬರಬೇಕು.

ಮೊದಲ ಕಾಲು ಗಂಟೆ

ನಮ್ಮೂರಿನಲ್ಲಿ ಎಲ್ಲರೂ ಹತ್ತಕ್ಕೆ ಸರಿಯಾಗಿ ಬಂದು ಸೇರುವುದು ಕಷ್ಟ, ಟ್ರಾಫಿಕ್ ಗೊತ್ತೇ ಇದೆ. ಮೊದಲ ಹದಿನೈದು ನಿಮಿಷ ಬಟ್ಟೆಯ ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತು ಹೊಲಿಗೆ ಹಾಕಿಸಿ, ಎಳೆ ಬಿಡಿಸಿ, ಸೂಜಿಗೆ ಪೋಣಿಸಿಡಿಸಿ. ತಡವಾಗಿ ಬಂದವರಿಗೂ ಮುಖ್ಯ ಪಾಠ ತಪ್ಪುವುದಿಲ್ಲ.

ಕೈ ಕೆಲಸ ಮಾಡುತ್ತಿರುವಾಗಲೇ ನಾಲ್ಕು ಹೊಲಿಗೆಗಳ ಹೆಸರು ಹೇಳಿಬಿಡಿ. ಗವಂತಿ, ಅಂದರೆ ಹೋಗಿ ಬರುವ ಹೊಲಿಗೆ. ಮುರಗಿ, ಅದೇ ಹೊಲಿಗೆ ಮೆಟ್ಟಿಲಿನ ಹಾಗೆ. ನೇಯ್ಗೆ, ಮಗ್ಗದಲ್ಲೇ ನೇಯ್ದಂತೆ ಕಾಣುವ ಸಾಲುಗಳು. ಮೆಂತೆ, ಅಡ್ಡಗೆರೆಯ ಕತ್ತರಿ ಹೊಲಿಗೆ. ಗವಂತಿ ಮತ್ತು ಮುರಗಿಯಲ್ಲಿ ಬಟ್ಟೆಯ ಎರಡೂ ಕಡೆ ಒಂದೇ ರೀತಿ ಕಾಣಬೇಕು, ಗಂಟು ಹಾಕುವ ಹಾಗಿಲ್ಲ. ಮೊದಲ ದಿನಕ್ಕೆ ಗವಂತಿ ಒಂದೇ ಸಾಕು.

ಯಾರ ಹತ್ತಿರವಾದರೂ ಹಳೆಯ ಇಳಕಲ್ ಸೀರೆಯೋ, ಮದುಮಗಳಿಗೆ ಉಡಿಸುತ್ತಿದ್ದ ಕಪ್ಪು ಚಂದ್ರಕಾಳಿಯೋ ಇದ್ದರೆ ತರಿಸಿ. ಗೋಪುರ, ತೇರು, ತುಳಸಿ ಕಟ್ಟೆ, ಅಂಬಾರಿ ಆನೆ ಎಲ್ಲ ಕೈಯಲ್ಲಿ ಮುಟ್ಟಿ ನೋಡಲಿ. ಆದರೆ ಆ ಆನೆಯನ್ನು ಹೊಸಬರಿಗೆ ಕೊಡಬೇಡಿ. ಫೋಟೊಗೆ ಚೆನ್ನಾಗಿರುತ್ತದೆ ಎಂದು ಮೊದಲ ದಿನವೇ ಆನೆ ಕೊಟ್ಟ ಕಾರ್ಯಾಗಾರಗಳಲ್ಲಿ ಸೊಂಡಿಲು ದಾಟಿ ಹೋದವರನ್ನು ನಾನು ನೋಡಿಲ್ಲ.

ಈಗ ಕಷ್ಟದ ಜಾಗ: ತಿರುಗಿ ಬರುವ ದಾರಿ

ಸೂಜಿ ಕೆಳಗಿಡಿಸಿ. ಮಕ್ಕಳ ಚೌಕುಳಿ ಗಣಿತ ಪುಸ್ತಕದ ಹಾಳೆ, ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು ಎಲ್ಲರಿಗೂ ಕೊಡಿ. ಪೂರ್ತಿ ಇಪ್ಪತ್ತು ನಿಮಿಷ ಕಾಗದದ ಮೇಲೇ ಕೆಲಸ. "ಬಟ್ಟೆ ಯಾವಾಗ?" ಎಂದು ಕೇಳುತ್ತಾರೆ. ಕೇಳಲಿ. ನನಗೆ ಕಲಿಸಿದ ಹುಬ್ಬಳ್ಳಿ ಕಡೆಯ ಅಜ್ಜಿ ಬಸವೇಶ್ವರನಗರದ ತಮ್ಮ ಮನೆಯ ಜಗಲಿಯಲ್ಲಿ ಕೂತು ಹೇಳುತ್ತಿದ್ದ ಮಾತು ಇಷ್ಟೇ: "ಹೋದ ಹಾದೀಲೇನ ತಿರುಗಿ ಬರಬೇಕವಾ. ಅಡ್ಡ ಹಾದಿ ಹಿಡೀಬಾರದು."

ಹನ್ನೆರಡು ಮನೆ ಉದ್ದದ ಒಂದು ಗೆರೆ. ನಾಲ್ಕನೇ ಮನೆ ಮುಗಿದಲ್ಲಿ, ಎಂಟನೇ ಮನೆ ಮುಗಿದಲ್ಲಿ ಮೂರು ಮನೆ ಎತ್ತರದ ಒಂದೊಂದು ಕೊಂಬೆ. ಇದೇ ಮೊದಲ ಪಾಠದ ಚಿತ್ರ. ಸೂಜಿ ಹೋಗುವ ಕ್ರಮ ನೋಡಿ. ಇಲ್ಲಿ ಮೇಲೆ ಎಂದರೆ ಬಟ್ಟೆಯ ಮುಂಭಾಗ, ಕೆಳಗೆ ಎಂದರೆ ಹಿಂಭಾಗ.

ಬಾಲಕ್ಕೆ ನಾಲ್ಕು ಬೆರಳು ದಾರ ಹಿಂದೆ ಬಿಟ್ಟು ಸೂಜಿ ಮೇಲೆ ತನ್ನಿ. ಒಂದನೇ ಮನೆ ಮೇಲಿನಿಂದ, ಎರಡನೆಯದು ಕೆಳಗಿನಿಂದ, ಮೂರನೆಯದು ಮೇಲೆ, ನಾಲ್ಕನೆಯದು ಕೆಳಗೆ. ಈಗ ಸೂಜಿ ಕೊಂಬೆಯ ಬುಡದಲ್ಲಿ ಮೇಲೆ ಬಂದಿದೆ. ಮುಂದೆ ಹೋಗಬೇಡಿ, ಕೊಂಬೆ ಹತ್ತಿ. ಮೊದಲ ಮನೆ ಮೇಲೆ, ಎರಡನೆಯದು ಕೆಳಗೆ, ಮೂರನೆಯದು ಮೇಲೆ. ತುದಿ ಸಿಕ್ಕಿತು. ಅಲ್ಲಿಂದಲೇ ತಿರುಗಿ. ಮೂರನೇ ಮನೆ ಈಗ ಕೆಳಗೆ, ಎರಡನೆಯದು ಮೇಲೆ, ಮೊದಲನೆಯದು ಕೆಳಗೆ. ಸೂಜಿ ಮತ್ತೆ ಅದೇ ಬುಡದಲ್ಲಿ ಮೇಲೆ ಬಂತು. ಕೊಂಬೆ ಎರಡೂ ಕಡೆ ತುಂಬಿತು. ಈಗ ಐದನೇ ಮನೆಗೆ, ಮೇಲಿನಿಂದ.

ತಪ್ಪಾಗಿದೆಯೋ ಇಲ್ಲವೋ ತಿಳಿಯಲು ಒಂದೇ ಪರೀಕ್ಷೆ. ಕೊಂಬೆಗೆ ಹೋಗುವ ಮೊದಲು ಸೂಜಿ ಮೇಲಿದ್ದರೆ, ಮುಗಿಸಿ ಬಂದಾಗಲೂ ಮೇಲೇ ಇರಬೇಕು. ಕೆಳಗಿದ್ದರೆ ಕೆಳಗೇ ಇರಬೇಕು. ಕೊಂಬೆ ಎಷ್ಟು ಉದ್ದವಿದ್ದರೂ ಹೋಗಿ ಬಂದದ್ದು ಎರಡರಷ್ಟೇ, ಅಂದರೆ ಯಾವಾಗಲೂ ಸಮಸಂಖ್ಯೆ. ಲೆಕ್ಕ ತಪ್ಪುವುದೇ ಇಲ್ಲ. ಇದನ್ನು ಒಮ್ಮೆ ಹೇಳಿಕೊಟ್ಟರೆ ಹೊಸಬರು ತಮ್ಮ ತಪ್ಪನ್ನು ತಾವೇ ಹಿಡಿಯುತ್ತಾರೆ, ನಿಮ್ಮನ್ನು ಕಾಯುತ್ತಾ ಕೂರುವುದಿಲ್ಲ.

ಹನ್ನೆರಡನೇ ಮನೆಯ ತುದಿಯಿಂದ ವಾಪಸ್ ಬರುವಾಗ ಖಾಲಿ ಉಳಿದ ಮನೆಗಳೆಲ್ಲ ತುಂಬುತ್ತವೆ. ಕೊಂಬೆಗಳು ಹೋಗುವಾಗಲೇ ಮುಗಿದಿವೆ, ಮತ್ತೆ ಹತ್ತುವಂತಿಲ್ಲ. ಕೊಂಬೆಗಳನ್ನು ವಾಪಸ್ ಬರುವಾಗ ಮಾಡುವವರೂ ಇದ್ದಾರೆ, ಅದೂ ಸರಿಯೇ. ಆದರೆ ಒಂದು ಕೂಟದಲ್ಲಿ ಒಂದೇ ನಿಯಮ ಇಟ್ಟುಕೊಳ್ಳಿ. ಇಬ್ಬರು ಅನುಭವಿಗಳು ಎರಡು ರೀತಿ ಹೇಳಿದರೆ ಪಕ್ಕದಲ್ಲಿ ಕೂತ ಹುಡುಗಿಯ ಗತಿ ಏನು?

ಕಾಗದದಲ್ಲಿ ಹೋಗುವಾಗಿನ ಮೇಲಿನ ಹೊಲಿಗೆಗೆ ಕೆಂಪು, ಬರುವಾಗಿನ ಮೇಲಿನ ಹೊಲಿಗೆಗೆ ನೀಲಿ. ಕೊನೆಗೆ ಒಂದು ಮನೆಯೂ ಖಾಲಿ ಇರಬಾರದು, ಯಾವ ಮನೆಯಲ್ಲೂ ಎರಡು ಬಣ್ಣ ಬೀಳಬಾರದು.

ಇದಾದ ಮೇಲೆ ಚೌಕ ಕೊಡಿ. ನಾಲ್ಕು ಮನೆಯ ಪುಟ್ಟ ಚೌಕ, ಬದಿಗೆ ಒಂದೊಂದು ಮನೆ. ಇದೇ ದೊಡ್ಡ ಗುಂಡಿ, ವರ್ಷಗಳಿಂದ ಕಸೂತಿ ಮಾಡುವವರೂ ಬೀಳುತ್ತಾರೆ. ಒಂದು ಸುತ್ತು ಮುಗಿಸಿ, ಅದೇ ದಿಕ್ಕಿನಲ್ಲಿ ಎರಡನೇ ಸುತ್ತು ಹೊರಡುತ್ತಾರೆ. ಆಗ ಏನಾಗುತ್ತದೆ? ಮೊದಲ ಬದಿ ಮೇಲೆ ಹಾಕಿದ್ದರು, ಐದನೇ ಹೆಜ್ಜೆಯೂ ಮೇಲೇ ಬರುತ್ತದೆ, ಅದೇ ಬದಿಯ ಮೇಲೆ. ದಾರದ ಮೇಲೆ ದಾರ ಕೂರುತ್ತದೆ, ಎರಡನೇ ಬದಿ ಖಾಲಿಯೇ ಉಳಿಯುತ್ತದೆ. ಚೌಕದಲ್ಲೂ ಅಜ್ಜಿಯ ಮಾತೇ ಸರಿ. ಸುತ್ತು ಮುಗಿದ ಮೂಲೆಯಿಂದ ಹಿಂದಕ್ಕೆ ತಿರುಗಿ, ನಾಲ್ಕನೇ ಬದಿ ಮೇಲೆ, ಮೂರನೆಯದು ಕೆಳಗೆ, ಎರಡನೆಯದು ಮೇಲೆ, ಒಂದನೆಯದು ಕೆಳಗೆ. ಇದನ್ನು ಬೆರಳಿಟ್ಟು ತೋರಿಸಿ, ಅವರ ಬೆರಳು ಹಿಡಿದು ತೋರಿಸಿ. ಬಾಯಲ್ಲಿ ಹೇಳಿದರೆ ಸಾಲದು.

ಈಗ ಸೂಜಿ. ಮೇಲೆ, ಕೆಳಗೆ ಎಂದು ಎಲ್ಲರೂ ಜೋರಾಗಿ ಹೇಳಿಕೊಂಡೇ ಹಾಕಲಿ. ದಾರ ಬಿಗಿಯಾಗಿ ಎಳೆಯಬಾರದು, ಬಟ್ಟೆಯಲ್ಲಿ ತೂತು ಕಂಡರೆ ಬಿಗಿ ಜಾಸ್ತಿಯಾಗಿದೆ ಎಂದರ್ಥ. ನಾಲ್ಕು ಹೊಲಿಗೆಗೊಮ್ಮೆ ಬಟ್ಟೆ ತಿರುಗಿಸಿ ಹಿಂಭಾಗ ನೋಡುವ ಅಭ್ಯಾಸ ಇವತ್ತೇ ಬರಬೇಕು. ತಪ್ಪಿದರೆ ಕತ್ತರಿ ಬೇಡ, ಸೂಜಿಯ ಕಣ್ಣಿನ ಕಡೆಯಿಂದ ಎತ್ತಿ ಎತ್ತಿ ಬಿಚ್ಚಿಸಿ.

ಅನುಭವಿಗಳನ್ನು ಏನು ಮಾಡುವುದು?

ಅವರು ಒಂದೇ ಕಡೆ ಕೂರದಂತೆ ನೋಡಿಕೊಳ್ಳಿ. ಕೂತರೆ ಮಾತು ಅವರೊಳಗೇ ಉಳಿಯುತ್ತದೆ. ಮೊದಲ ಒಂದು ಗಂಟೆ ಮೂವರ ಪಕ್ಕದಲ್ಲಿ ಒಬ್ಬರು ಕೂತು ಹೇಳಿಕೊಡಲಿ. ಹೊಸಬರ ಸೂಜಿ ಕಿತ್ತುಕೊಂಡು ತಾವೇ ಹಾಕಿಕೊಡುವುದು ಮಾತ್ರ ಬೇಡ ಎಂದು ಮೊದಲೇ ವಿನಂತಿಸಿ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಕಲಿಯುವವರ ಕೈ ಖಾಲಿಯಾಗುತ್ತದೆ.

ಆಮೇಲಿನ ಒಂದು ಗಂಟೆ ಅವರದ್ದು. ಅವರೂ ತಮ್ಮ ಕೆಲಸಕ್ಕೆ ಬಂದವರು, ಬರಿಗೈಯಲ್ಲಿ ಕಳಿಸಬಾರದು. ಮನೆಗಳು ಕಾಣದ ಕೈಮಗ್ಗದ ಹತ್ತಿ ಬಟ್ಟೆ ಕೊಡಿ, ನಾಲ್ಕು ಎಳೆಗೆ ಒಂದು ಹೊಲಿಗೆ ಎಣಿಸಿ ಹಾಕಲಿ. ರೇಷ್ಮೆ ಸೀರೆಗೆ ಹಾಕುವುದು ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಡಿಲ ನೇಯ್ಗೆಯ ಕ್ಯಾನ್ವಾಸ್ ತುಂಡನ್ನು ಸೀರೆಯ ಮೇಲೆ ಕಚ್ಚಾ ಹೊಲಿಗೆಯಲ್ಲಿ ಕೂರಿಸಿ, ಅದರ ಮನೆ ಎಣಿಸಿ ಕಸೂತಿ ಹಾಕಿ, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಎರಡು ಮೂರು ಎಳೆ ಒಟ್ಟಿಗೆ ಎಳೆದರೆ ಹೊಲಿಗೆ ಸುಕ್ಕಾಗುತ್ತದೆ. ಬಟ್ಟೆಯ ಮೇಲೆ ಚಿತ್ರ ಅಚ್ಚು ಹಾಕಿಸಿಕೊಂಡು ಗೆರೆಯ ಮೇಲೆ ಹೊಲಿಯುವ ಅಡ್ಡದಾರಿಯೂ ಉಂಟು. ನಾನು ಬೇಡ ಅನ್ನುತ್ತೇನೆ. ಅಚ್ಚಿನ ಗೆರೆ ಎಳೆಗೆ ಸರಿಯಾಗಿ ಕೂರುವುದಿಲ್ಲ, ಚೌಕ ಓರೆಯಾಗುತ್ತದೆ.

ಬಾಲ ಮುಚ್ಚುವುದು

ಗೆರೆ ಮುಗಿದಾಗ ಶುರುವಿನ ಬಾಲ, ಕೊನೆಯ ಬಾಲ ಎರಡೂ ಹಿಂಭಾಗದಲ್ಲಿ ಒಂದೇ ತೂತಿನ ಹತ್ತಿರ ಇರುತ್ತವೆ. ಒಂದೊಂದನ್ನೇ ಸೂಜಿಗೆ ಪೋಣಿಸಿ, ಹಿಂದಿನ ಹೊಲಿಗೆಗಳ ಅಡಿಯಲ್ಲಿ ಐದಾರು ಮನೆ ನುಸುಳಿಸಿ ಕತ್ತರಿಸಿ. ಎರಡನ್ನೂ ಸೇರಿಸಿ ಗಂಟು ಹಾಕುವ ಆಸೆಯಾಗುತ್ತದೆ, ತಡೆಯಿರಿ. ಗಂಟು ಇಸ್ತ್ರಿ ಹಾಕಿದಾಗ ಮೇಲೆ ಉಬ್ಬಿ ಕಾಣುತ್ತದೆ.

ಕೊನೆಯ ಹತ್ತು ನಿಮಿಷ ಎಲ್ಲರ ಬಟ್ಟೆಗಳನ್ನೂ ಮೇಜಿನ ಮೇಲೆ ಹಿಂಭಾಗ ಮೇಲಾಗಿ ಹರಡಿ. ಫೋಟೊ ತೆಗೆಯುವುದಾದರೆ ಆ ಬದಿಯದೇ ತೆಗೆಯಿರಿ. ಯಂತ್ರದಲ್ಲಿ ಹಾಕಿದ ಕಸೂತಿ ಸೀರೆಯ ತುಂಡೊಂದು ಸಿಕ್ಕರೆ ಪಕ್ಕದಲ್ಲಿಡಿ. ಅದರ ಹಿಂದೆ ಬಾಬಿನ್ ದಾರ ಬೇರೆಯೇ ಕಾಣುತ್ತದೆ. ಅಂಗಡಿಯಲ್ಲಿ ಕೈಕಸೂತಿ ಎಂದು ಹೇಳಿ ಮಾರುವಾಗ ಎಲ್ಲಿ ನೋಡಬೇಕು ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಮನೆಗೆ ಹೊರಡುವಾಗ ಉಳಿದ ದಾರ, ಎರಡು ಸೂಜಿ, ಇನ್ನೊಂದು ತುಂಡು ಮ್ಯಾಟಿ ಬಟ್ಟೆ, ಚೌಕುಳಿ ಹಾಳೆಯಲ್ಲಿ ಬರೆದ ಒಂದು ಸಣ್ಣ ತುಳಸಿ ಕಟ್ಟೆ ಕೊಟ್ಟು ಕಳಿಸಿ. ಮುಂದಿನ ಭೇಟಿ ಹದಿನೈದು ದಿನದೊಳಗೆ ಇಡಿ. ತಿಂಗಳು ದಾಟಿದರೆ ಕೈ ಮರೆಯುತ್ತದೆ, ಮತ್ತೆ ಕಾಗದದಿಂದಲೇ ಶುರು ಮಾಡಬೇಕಾಗುತ್ತದೆ.