ಕಲಬುರಗಿಯ ಮಾಳಿಗೆ ಮೇಲೆ ಯಾಟ್ ಗಾಜಿನ ಪರೀಕ್ಷೆ

ದೊಡ್ಡ ಯಾಟ್‌ಗಳ, ಅಂದರೆ ಐಷಾರಾಮಿ ವಿಹಾರ ನೌಕೆಗಳ, ಕಿಟಕಿ ಗಾಜಿನ ಲೆಕ್ಕ ಮಾಡುವುದು ನನ್ನ ಕೆಲಸ. ಯಾಟ್ ಕಟ್ಟುವುದು ಯುರೋಪಿನಲ್ಲಿ, ನಾನಿರುವುದು ಕಲಬುರಗಿಯಲ್ಲಿ. ಡ್ರಾಯಿಂಗ್ ಅಲ್ಲಿಂದ ಬರುತ್ತದೆ, ಗಾಜು ಎಷ್ಟು ದಪ್ಪ ಇರಬೇಕು ಅನ್ನೋದು ಇಲ್ಲಿಂದ ಹೋಗುತ್ತದೆ.

ಗಾಜು ಎಷ್ಟು ಭಾರ ಅಂತ ಬಹಳ ಜನಕ್ಕೆ ಅಂದಾಜೇ ಇರುವುದಿಲ್ಲ. ಒಂದು ಚದರ ಮೀಟರ್ ಗಾಜು, ಒಂದೊಂದು ಮಿಲಿಮೀಟರ್ ದಪ್ಪಕ್ಕೂ 2.5 ಕೆ.ಜಿ. ತೂಗುತ್ತದೆ. ನಮ್ಮ ಶಹಾಬಾದ್ ಕಲ್ಲಿಗೂ ಇದಕ್ಕೂ ತೂಕದಲ್ಲಿ ಅಂಥ ಫರಕೇನಿಲ್ಲ. ಅಷ್ಟು ಭಾರವನ್ನು ಮೇಲಿನ ಡೆಕ್‌ಗೆ ಏರಿಸಿದರೆ ಯಾಟ್ ತಲೆಭಾರವಾಗಿ, ಅಲೆ ಬಂದಾಗ ವಾಲುವುದು ಹೆಚ್ಚುತ್ತದೆ. ಮಾಲೀಕರಿಗೆ ಮಾತ್ರ ನೆಲದಿಂದ ಸೂರಿನವರೆಗೂ ಗಾಜೇ ಬೇಕು.

ಒಂದು ಕೆಲಸದ ಲೆಕ್ಕ ಹೇಳ್ತೀನಿ. ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಕಿಟಕಿ. ಅಲೆಯ ಒತ್ತಡಕ್ಕೆ ಐಎಸ್‌ಒ 11336 (ದೊಡ್ಡ ಯಾಟ್‌ಗಳ ಗಾಜಿನ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಲೆಕ್ಕ ಹಾಕಿದರೆ ಮಾಮೂಲಿ ಟಫನ್ಡ್ ಗಾಜು (ಕಾಯಿಸಿ, ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು) 15 ಮಿ.ಮೀ. ಬೇಕಾಗಿತ್ತು. ಅಂದರೆ 112 ಕೆ.ಜಿ. ಅದರ ಬದಲು 5 ಮಿ.ಮೀ.ನ ಎರಡು ಗಾಜು, ನಡುವೆ ಒಂದೂವರೆ ಮಿ.ಮೀ. ಪ್ಲಾಸ್ಟಿಕ್ ಪದರ ಇಟ್ಟರೆ 80 ಕೆ.ಜಿ. ಒಳಗೇ ಮುಗಿಯುತ್ತದೆ. ಇದಕ್ಕೆ ರಾಸಾಯನಿಕವಾಗಿ ಗಟ್ಟಿ ಮಾಡಿದ ಗಾಜು ಬೇಕು. ಕರಗಿದ ಪೊಟ್ಯಾಸಿಯಂ ನೈಟ್ರೇಟ್ ಉಪ್ಪಿನಲ್ಲಿ ಗಾಜನ್ನು ಮುಳುಗಿಸಿದಾಗ ಮೇಲ್ಮೈಯ ಸಣ್ಣ ಸೋಡಿಯಂ ಅಯಾನ್ ಹೊರಗೆ ಬಂದು, ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನ್ ಒತ್ತಿಕೊಂಡು ಕೂರುತ್ತದೆ. ಆ ಒತ್ತಡವೇ ಗಾಜಿನ ಬಲ.

ಆದರೆ ಬಲ ಬೇರೆ, ಬಿಗಿ ಬೇರೆ. ಎಷ್ಟೇ ಗಟ್ಟಿ ಮಾಡಿದರೂ ಗಾಜು ಬಾಗುವ ಗುಣ ಬದಲಾಗುವುದಿಲ್ಲ. ಹನ್ನೊಂದೂವರೆ ಮಿ.ಮೀ.ನ ಈ ಜೋಡಿ, 15ರ ಗಾಜಿಗಿಂತ ಎರಡು ಪಟ್ಟಿಗೂ ಜಾಸ್ತಿ ಬಾಗುತ್ತದೆ. ಅದೂ ನಡುವಿನ ಪದರ ಎರಡೂ ಗಾಜನ್ನು ಒಂದಾಗಿ ಹಿಡಿದಿಟ್ಟರೆ ಮಾತ್ರ. ಹಿಡಿತ ಪೂರ್ತಿ ಸಡಿಲಾದರೆ 5 ಮತ್ತು 5 ಸೇರಿ ಬರೀ 6.3 ಮಿ.ಮೀ. ಗಾಜಿನಷ್ಟೇ ಬಿಗಿ.

ಹಾಗಾಗಿ ನನಗೆ ಗಾಜಿಗಿಂತ ನಡುವಿನ ಪದರವೇ ಮುಖ್ಯ. ಮೇ ತಿಂಗಳ ಬಿಸಿಲಲ್ಲಿ ಮಾಳಿಗೆ ಮೇಲೆ ಎರಡು ಗಾಜಿನ ಪಟ್ಟಿ ಇಟ್ಟೆ. ನಡುವಿನ ಪದರ ಒಂದರಲ್ಲಿ ಪಿವಿಬಿ ಅನ್ನೋ ಮೆತ್ತನೆ ಪ್ಲಾಸ್ಟಿಕ್, ಇನ್ನೊಂದರಲ್ಲಿ ಅಯಾನೋಪ್ಲಾಸ್ಟ್ ಅನ್ನೋ ಬಿಗಿ ಪ್ಲಾಸ್ಟಿಕ್. ಎರಡೂ ತುದಿಗೆ ಇಟ್ಟಿಗೆ, ನಡುವೆ ಒಂದೇ ತೂಕದ ಕಬ್ಬಿಣ, ಕೆಳಗೆ ಬಾಗು ಅಳೆಯುವ ಮುಳ್ಳಿನ ಡಯಲ್ ಗೇಜ್. ಬೆಳಗ್ಗೆ ಮುಳ್ಳು ಹೆಚ್ಚುಕಮ್ಮಿ ಸಮ ಇದ್ದವು. ಮಧ್ಯಾಹ್ನದ ಹೊತ್ತಿಗೆ ಪಿವಿಬಿ ಮುಳ್ಳು ಸರಿಯುತ್ತಲೇ ಹೋಯಿತು, ಇನ್ನೊಂದು ಅಷ್ಟಾಗಿ ಕದಲಲಿಲ್ಲ. ಕಪ್ಪು ಗಾಜು ಕಡಲ ಬಿಸಿಲಲ್ಲಿ ಇನ್ನೂ ಕಾಯುತ್ತದೆ. ಅಯಾನೋಪ್ಲಾಸ್ಟ್ ಕೂಡ 55 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗಲು ಶುರುವಾಗುತ್ತದೆ. ಆದ್ದರಿಂದ ನಾನು ಬಿಸಿ ಗಾಜಿಗೇ ಲೆಕ್ಕ ಹಾಕುತ್ತೇನೆ, ತಣ್ಣಗಿನ ಗಾಜಿಗಲ್ಲ.

ಉಳಿದ ಬಾಗುವಿಕೆಗೆ ಗಾಜಿನ ಹಿಂದೆ ನಟ್ಟನಡುವೆ ಒಂದು ಅಲ್ಯೂಮಿನಿಯಂ ಪಟ್ಟಿ ಕೊಟ್ಟೆ. ಅಲ್ಲಿಗೆ ಬಾಗು ಸುಮಾರು ಐದನೇ ಒಂದು ಪಾಲಿಗೆ ಇಳಿಯಿತು. ಹೊರಗಿನಿಂದ ನೋಡಿದರೆ ಬರೀ ಕಪ್ಪು ಬಣ್ಣದ ಗೆರೆ. ಆ ಬಣ್ಣ, ಪಟ್ಟಿಯನ್ನು ಗಾಜಿಗೆ ಹಿಡಿದಿಟ್ಟ ಅಂಟನ್ನು ಬಿಸಿಲಿನಿಂದಲೂ ಕಾಪಾಡುತ್ತದೆ.

ಪರೀಕ್ಷೆಯ ಪಟ್ಟಿಗಳನ್ನು ಕೊಯ್ದು ಕೊಟ್ಟ ಗಾಜಿನಂಗಡಿಯ ಕಾಕಾ ಅಂಚಿನ ಮೇಲೆ ಉಗುರು ಆಡಿಸಿ, "ಇಲ್ಲಿ ಚಕ್ಕೆ ಎದ್ದದ ನೋಡ್ರಿ, ಒಡೆದ್ರ ಇಲ್ಲಿಂದಲೇ ಒಡೀತದ" ಅಂದರು. ಅದು ನೂರಕ್ಕೆ ನೂರು ನಿಜ. ರಾಸಾಯನಿಕ ಗಾಜಿನಲ್ಲಿ ಬಲವಾದ ಪದರ ಕೂದಲೆಳೆಗಿಂತ ತೆಳು. ಗೀರು ಅದನ್ನು ದಾಟಿದರೆ ಗಟ್ಟಿ ಮಾಡಿದ್ದೆಲ್ಲ ವ್ಯರ್ಥ. ಕೊಯ್ಯುವುದು, ತೂತು ಹಾಕುವುದು, ಅಂಚಿಗೆ ಪಾಲಿಶ್ ಮಾಡುವುದು ಎಲ್ಲ ಮುಗಿದ ಮೇಲೆಯೇ ಗಾಜು ಉಪ್ಪಿನ ತೊಟ್ಟಿಗೆ ಇಳಿಯಬೇಕು. ನನ್ನ ಪ್ರತಿ ಡ್ರಾಯಿಂಗ್‌ನಲ್ಲೂ ಈ ಸಾಲು ಮೊದಲು ಬರುತ್ತದೆ, ದಪ್ಪದ ಲೆಕ್ಕ ಅದರ ಕೆಳಗೆ.