ವಾರಕ್ಕೊಂದು ಗುಂಟೆ ಸೊಪ್ಪು: ಸಣ್ಣ ಹಿಡುವಳಿಯಲ್ಲಿ ಕೊತ್ತಂಬರಿ, ಸಬ್ಬಸಿಗೆ, ಪುದೀನ ಬೆಳೆಯುವ ಬಗೆ

ಕೆಲವು ವರ್ಷಗಳ ಹಿಂದೆ 10 ಗುಂಟೆಗೂ ಒಂದೇ ದಿನ ಕೊತ್ತಂಬರಿ ಬಿತ್ತಿದ್ದೆ. ಮೊಳಕೆ ಒಂದೇ ಸಮ ಬಂತು, ಮಳೆಯೂ ಹದವಾಗಿತ್ತು. ಆದರೆ ನಮ್ಮ ಸೊಪ್ಪು ಕೀಳಲು ಬಂದ ವಾರವೇ ಸುತ್ತಲಿನ ಊರುಗಳ ಸೊಪ್ಪೂ ಮಂಡಿಗೆ ಬಂದು ಬಿತ್ತು. ಕೀಳುವ ಕೂಲಿ, ಗಾಡಿ ಬಾಡಿಗೆಗೂ ಸಾಲದ ಬೆಲೆ. ಇನ್ನೆರಡು ದಿನ ನೋಡೋಣ ಎಂದು ಕಾದಷ್ಟರಲ್ಲಿ ಹೂದಂಡು ಎದ್ದಿತು. ಅರ್ಧಕ್ಕಿಂತ ಹೆಚ್ಚನ್ನು ಉತ್ತು ಮಣ್ಣಿಗೇ ಸೇರಿಸಿದೆ.

ಆಮೇಲೆ ಎಂದೂ ಹಾಗೆ ಬಿತ್ತಿಲ್ಲ. ಸೊಪ್ಪಿನ ಬೆಲೆ ವಾರದಲ್ಲಿ ಏರುತ್ತದೆ, ವಾರದಲ್ಲಿ ಇಳಿಯುತ್ತದೆ; ಅದನ್ನು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಆದ್ದರಿಂದ ಎಲ್ಲ ವಾರವೂ ನಮ್ಮ ಹತ್ತಿರ ಒಂದಷ್ಟು ಕಟ್ಟು ಇರಬೇಕು. ಸಣ್ಣ ರೈತರಿಗೆ ನಾನು ಹೇಳುವುದು ಇದನ್ನೇ.

ಮೊದಲು ಜಾಗ ಹಂಚಿಕೊಳ್ಳಿ

10 ಗುಂಟೆ ಇದೆ ಎಂದುಕೊಳ್ಳೋಣ. 7 ಗುಂಟೆ ಕೊತ್ತಂಬರಿ, ಸಬ್ಬಸಿಗೆಗೆ. 2 ಗುಂಟೆ ಪುದೀನಕ್ಕೆ. ಉಳಿದ 1 ಗುಂಟೆ, ಬೇಲಿಯಂಚು ಸೇರಿಸಿ, ಕರಿಬೇವಿಗೆ. ಏಳೇ ಯಾಕೆಂದರೆ, ಕೊತ್ತಂಬರಿ ಬಿತ್ತಿದ 40 ದಿನದ ಆಸುಪಾಸಿನಲ್ಲಿ ಕೀಳಲು ಬರುತ್ತದೆ. ವಾರಕ್ಕೆ ಒಂದು ಗುಂಟೆಯಂತೆ ಬಿತ್ತುತ್ತ ಹೋದರೆ ಏಳನೆಯದನ್ನು ಬಿತ್ತುವ ಹೊತ್ತಿಗೆ ಮೊದಲನೆಯದು ಖಾಲಿಯಾಗಿರುತ್ತದೆ. ಅದನ್ನು ಅಗೆದು, ಗೊಬ್ಬರ ಕೊಟ್ಟು, ಎಂಟನೇ ವಾರ ಮತ್ತೆ ಬಿತ್ತಬಹುದು. ಪ್ರತಿ ಗುಂಟೆಯಲ್ಲಿ ಮುಕ್ಕಾಲು ಪಾಲು ಕೊತ್ತಂಬರಿ, ಕಾಲು ಪಾಲು ಸಬ್ಬಸಿಗೆ ಇರಲಿ. ಅವರೆಕಾಯಿ ಕಾಲದಲ್ಲಿ ಸಬ್ಬಸಿಗೆಯ ಪಾಲು ಹೆಚ್ಚಿಸಿ. ಅವರೆಕಾಳಿನ ಜೊತೆ ಸಬ್ಬಸಿಗೆ ಕೇಳದ ಮನೆ ಬೆಂಗಳೂರು, ಕೋಲಾರದ ಕಡೆ ಕಡಿಮೆ.

ಒಂದು ಎಚ್ಚರಿಕೆ. ಕೊತ್ತಂಬರಿಯೂ ಸಬ್ಬಸಿಗೆಯೂ ಒಂದೇ ಕುಟುಂಬದ ಗಿಡಗಳು. ಕೊತ್ತಂಬರಿ ಕಿತ್ತ ಕಡೆ ಸಬ್ಬಸಿಗೆ ಬಿತ್ತಿದರೆ ಬೆಳೆ ಬದಲಾಯಿಸಿದಂತಾಗುವುದಿಲ್ಲ. ಎರಡು ಸುತ್ತು ಆದ ಮೇಲೆ ಆ ಗುಂಟೆಗೆ ಒಮ್ಮೆ ಮೆಂತ್ಯ ಬಿತ್ತಿ. ಅದು ದ್ವಿದಳ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ. ಒಂದು ತಿಂಗಳೊಳಗೆ ಅದರ ಸೊಪ್ಪೂ ಮಾರಾಟಕ್ಕೆ ಬರುತ್ತದೆ.

ಮಡಿ ಮತ್ತು ಬೀಜ

ಗುಂಟೆಗೆ 100 ಕಿಲೋಗೆ ಕಡಿಮೆಯಿಲ್ಲದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೇಕು. ಹಸಿ ಸಗಣಿ ಬೇಡ, ಅದರಿಂದ ಗೊಣ್ಣೆಹುಳು ಬರುತ್ತದೆ. ಬಿತ್ತುವ ಹತ್ತು ದಿನ ಮುಂಚೆ ಗೊಬ್ಬರಕ್ಕೆ ಟ್ರೈಕೋಡರ್ಮಾ (ಕೊಳೆರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿತಾಟು ಮುಚ್ಚಿಟ್ಟರೆ ಎಳೆಸಸಿ ಬುಡ ಕೊಳೆತು ಬೀಳುವುದು ಕಡಿಮೆಯಾಗುತ್ತದೆ. ಮಡಿ ಮೂರೂವರೆ ಅಡಿಗಿಂತ ಅಗಲವಾಗದಿರಲಿ. ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು. ಒಳಗೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಮಡಿ ಅರ್ಧ ಅಡಿ ಎತ್ತರವಿರಲಿ.

ಒಂದು ಗುಂಟೆ ಪೂರ್ತಿ ಕೊತ್ತಂಬರಿಯಾದರೆ 200ರಿಂದ 250 ಗ್ರಾಂ ಬೀಜ ಸಾಕು. ನಾವು ಬೀಜ ಎನ್ನುವ ಧನಿಯಾ ನಿಜಕ್ಕೂ ಒಂದು ಕಾಯಿ, ಒಳಗೆ ಎರಡು ಬೀಜ ಇರುತ್ತವೆ. ಗಟ್ಟಿ ನೆಲದ ಮೇಲೆ ಹರಡಿ, ಚಪ್ಪಲಿಯಿಂದಲೋ ಮರದ ತುಂಡಿನಿಂದಲೋ ಹಗುರವಾಗಿ ಉಜ್ಜಿದರೆ ಎರಡು ಹೋಳಾಗುತ್ತದೆ. ಪುಡಿಯಾಗಬಾರದು. ಆಮೇಲೆ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಬಸಿದು, ನೆರಳಲ್ಲಿ ಆರಿಸಿ ಬಿತ್ತಬೇಕು. ಅಂಗಡಿಯಿಂದ ತಂದ ಧನಿಯಾ ಆದರೆ ಮೊದಲು 100 ಹೋಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. 70ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಸಾರಿಗೇ ಇರಲಿ.

ಸಾಲಿನಿಂದ ಸಾಲಿಗೆ ಅರ್ಧ ಅಡಿ ಬಿಟ್ಟು, ಅರ್ಧ ಇಂಚು ಆಳಕ್ಕೆ ಉದುರಿಸಿ ಮಣ್ಣೆಳೆಯಿರಿ. ಮೇಲೆ ಭತ್ತದ ಹುಲ್ಲು ತೆಳ್ಳಗೆ ಹರಡಿ. ಮೊಳಕೆ ಕಾಣಲು 8ರಿಂದ 10 ದಿನ ಬೇಕು. ಮೊಳಕೆ ಇಣುಕಿದ ದಿನ ಸಂಜೆಯೇ ಹುಲ್ಲು ತೆಗೆಯಿರಿ. ಒಂದು ದಿನ ತಡವಾದರೂ ಸಸಿ ಬಿಳಿಚಿ ಉದ್ದವಾಗುತ್ತದೆ. ಸಬ್ಬಸಿಗೆ ಬೀಜವನ್ನು ಉಜ್ಜುವ ಕೆಲಸವಿಲ್ಲ, ನೇರ ಬಿತ್ತಿದರಾಯಿತು. ಎರಡನ್ನೂ ಸಸಿ ಮಾಡಿ ನಾಟಿ ಮಾಡಬೇಡಿ, ತಾಯಿಬೇರು ಅಲುಗಿದರೆ ಸೊರಗುತ್ತವೆ.

ನೀರು, ಕಳೆ, ಬೇಸಿಗೆ

ನೀರು ಹಾಯಿಸುವುದಕ್ಕಿಂತ ಚಿಮುಕಿಸುವುದು ಒಳ್ಳೆಯದು. ಚರಂಡಿ ಸೇರುವ ಕಾಲುವೆಯ ನೀರನ್ನು ಸೊಪ್ಪಿಗೆ ಬಿಡಲೇಬಾರದು. ಕೊತ್ತಂಬರಿ, ಪುದೀನವನ್ನು ಜನ ಹಸಿಯಾಗಿಯೇ ಚಟ್ನಿ ಅರೆದು ತಿನ್ನುತ್ತಾರೆ, ಮಕ್ಕಳಿಗೂ ಕೊಡುತ್ತಾರೆ. ಎಲೆಯ ರಸ ಹೀರುವ ಗಿಡಹೇನು ಕಂಡರೆ ಬೇವಿನೆಣ್ಣೆ ಸಿಂಪಡಿಸಿ, ಕೀಳುವ ಹತ್ತು ದಿನ ಮುಂಚೆ ಅದನ್ನೂ ನಿಲ್ಲಿಸಿ. 15–20 ದಿನಕ್ಕೆ ಒಮ್ಮೆ ಕಳೆ ತೆಗೆದರೆ ಸಾಕು. ಯೂರಿಯಾ ಸುರಿದರೆ ಎಲೆ ದೊಡ್ಡದಾಗುತ್ತದೆ ನಿಜ, ಆದರೆ ಘಮ ಕಡಿಮೆ, ಬೇಗ ಬಾಡುತ್ತದೆ.

ಬೇಸಿಗೆಯ ಬೆಳೆ ಕಷ್ಟ, ಹಣ ಸಿಗುವುದೂ ಆಗಲೇ. ಮಾರ್ಚ್‌ನಿಂದ ಮೇವರೆಗೆ ಬಿಸಿಲು ಏರಿದಂತೆ ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ. ಇದಕ್ಕೆ ಶೇ 50ರ ನೆರಳು ಬಲೆ ಬೇಕು. ಅದು ಹೊರೆಯಾದರೆ ತೆಂಗಿನ ಸಾಲಿನ ನಡುವೆ, ನುಗ್ಗೆಯ ಕೆಳಗೆ, ಮುಸುಕಿನ ಜೋಳದ ಸಾಲುಗಳ ಮಧ್ಯೆ ಬಿತ್ತಿ ನೋಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಈಶಾ’ ತಳಿ ತಡವಾಗಿ ಹೂ ಬಿಡುತ್ತದೆ, ಬೇರು ಕೀಳದೆ ಎರಡು–ಮೂರು ಸಲ ಕೊಯ್ಯಲೂ ಬರುತ್ತದೆ. ಕೊಯ್ಯುವಾಗ ನೆಲದಿಂದ ಎರಡು ಇಂಚು ಬಿಡಿ.

ಪುದೀನ, ಕರಿಬೇವು

ಪುದೀನಕ್ಕೆ ಬೀಜ ಹುಡುಕಬೇಡಿ. ಹಳೆಯ ಬುಡದ ಬಳ್ಳಿಯನ್ನು ಗೇಣುದ್ದ ತುಂಡರಿಸಿ, ಒಂದಡಿ ಅಂತರದಲ್ಲಿ ಹೂಳಿ. ಮಧ್ಯಾಹ್ನದ ನೆರಳು ಬೀಳುವ ತೇವದ ಜಾಗ ಅದಕ್ಕೆ ಇಷ್ಟ. ಬೇರೆ ಮಡಿಗೆ ನುಗ್ಗದಂತೆ ಸುತ್ತ ಸಣ್ಣ ಕಾಲುವೆ ತೆಗೆದಿಡಿ. ಮೊದಲ ಕೊಯ್ಲು ಎರಡು ತಿಂಗಳಿಗೆ. ಪ್ರತಿ ಕೊಯ್ಲಿನ ಬಳಿಕ ಗೊಬ್ಬರ, ನೀರು. ರಂಜಾನ್ ತಿಂಗಳಿಗೂ ಮದುವೆ ಕಾಲಕ್ಕೂ ಕೊಯ್ಲು ಬರುವಂತೆ ಲೆಕ್ಕ ಹಾಕಿ, ಬಿರಿಯಾನಿಗೆ ಆಗ ಬೇಡಿಕೆ ಹೆಚ್ಚು.

ಕರಿಬೇವಿನ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ಹಣ್ಣು ಕಿತ್ತು ತಿರುಳು ತೊಳೆದ ಕೂಡಲೇ ಹಾಕಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯೂಡಿ–1, ಡಿಡಬ್ಲ್ಯೂಡಿ–2 ತಳಿಗಳಿವೆ. ಗಿಡ ಸೊಂಟದೆತ್ತರಕ್ಕೆ ಬಂದಾಗ ತುದಿ ಚಿವುಟಿದರೆ ಐದಾರು ರೆಂಬೆ ಒಡೆಯುತ್ತವೆ. ಇದಕ್ಕೆ ಔಷಧಿ ಹೊಡೆಯುವಾಗ ಕೈ ಬಿಗಿ ಹಿಡಿಯಿರಿ. ಭಾರತದ ಕರಿಬೇವಿನಲ್ಲಿ ಕೀಟನಾಶಕದ ಉಳಿಕೆ ಇದೆಯೆಂದು ಐರೋಪ್ಯ ಒಕ್ಕೂಟ ವಿಶೇಷ ತಪಾಸಣೆಗೆ ಹಾಕಿದ್ದು ಉಂಟು. ಹೊರದೇಶದವರು ಪರೀಕ್ಷಿಸುವ ಎಲೆಯನ್ನೇ ನಮ್ಮ ಮನೆಯವರೂ ತಿನ್ನುತ್ತಾರಲ್ಲ.

ಕೀಳುವುದು, ಕಟ್ಟುವುದು

ಬಿಸಿಲು ಇಳಿದ ಮೇಲೆ ಕಿತ್ತು, ಬೇರನ್ನಷ್ಟೇ ತೊಳೆದು ಕೊಡವಿ. ಎಲೆ ನೆಂದರೆ ರಾತ್ರಿ ಕಳೆಯುವುದರೊಳಗೆ ಕಪ್ಪಾಗುತ್ತದೆ. ಕಟ್ಟುಗಳನ್ನು ಬೇರು ಹೊರಗಿರುವಂತೆ ಜೋಡಿಸಿ, ಒದ್ದೆ ಗೋಣಿತಾಟು ಸುತ್ತಿ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಸೊಪ್ಪಿನ ವ್ಯಾಪಾರ ಬೆಳಕು ಹರಿಯುವ ಮುಂಚೆಯೇ ಜೋರಾಗಿರುತ್ತದೆ, ಆ ಹೊತ್ತಿಗೆ ಅಲ್ಲಿರಬೇಕು. ಆದರೆ ಎಲ್ಲವನ್ನೂ ಮಂಡಿಗೇ ಹಾಕಬೇಡಿ. ಹತ್ತಿರದ ಪೇಟೆಯ ಎರಡು ಹೋಟೆಲು, ಒಂದು ಮೆಸ್ ಹಿಡಿದು, ವರ್ಷವಿಡೀ ಕಟ್ಟಿಗೆ ಇಷ್ಟೇ ಎಂದು ದರ ಮಾತಾಡಿಕೊಳ್ಳಿ. ಮಂಡಿಯಲ್ಲಿ ಬೆಲೆ ಏರಿದ ದಿನವೂ ಆ ಮಾತು ತಪ್ಪಬೇಡಿ. ಬೆಲೆ ಬಿದ್ದ ವಾರ ನನ್ನ ಸೊಪ್ಪು ಹೋಗುತ್ತಿರುವುದು ಆ ಅಡುಗೆಮನೆಗಳಿಗೇ.