ಊಸರವಳ್ಳಿ ಗೂಡಿನ ನೀರಿಗೆ ದಾರಿ ಮಾಡಿದ ಬಗೆ

ಊಸರವಳ್ಳಿ ಗೂಡಿನ ನೀರು ಹರಿದುಹೋಗಲು ತಳಕ್ಕೆ ತೂತು ಕೊರೆಯುತ್ತೇನೆ ಎಂದಾಗ ಮುಂಬಯಿಯಲ್ಲಿ ಸರೀಸೃಪ ಸಾಕುವ ನನ್ನ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಎಲೆ ಕಟ್ಟಿಕೊಳ್ಳುತ್ತದೆ, ಸೋರುತ್ತದೆ, ಮೋರಿಯ ಜಿರಳೆ ಮೇಲೇರುತ್ತದೆ ಎಂದರು. ಎರಡು ಮಳೆಗಾಲ ದಾಟಿದೆ. ತಳದಲ್ಲಿ ನೀರು ನಿಂತಿಲ್ಲ, ಪ್ರಾಣಿ ಗಟ್ಟಿಮುಟ್ಟಾಗಿದೆ.

ನನ್ನದು ಯೆಮನ್ ಮೂಲದ ವೇಲ್ಡ್ (veiled) ಜಾತಿಯ ಊಸರವಳ್ಳಿ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿದ್ದು. ನಮ್ಮ ಕಾಡಿನ ಊಸರವಳ್ಳಿಯನ್ನು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಸಾಕುವಂತಿಲ್ಲ. ಆ ಆಸೆ ಯಾರಿಗೂ ಬೇಡ. ಎರಡಡಿ ಅಗಲ, ನಾಲ್ಕಡಿ ಎತ್ತರದ ಜಾಲರಿ ಗೂಡು ಮುಲುಂಡಿನ ನಮ್ಮ ಫ್ಲಾಟಿನಲ್ಲಿ ಬಚ್ಚಲಿನ ಗೋಡೆಗೆ ಒತ್ತಿ ನಿಂತಿದೆ. ಆರ್‌ಓ ಬೂಸ್ಟರ್ ಪಂಪಿಗೆ (ನೀರು ಶುದ್ಧಿ ಯಂತ್ರದ ಒತ್ತಡದ ಪಂಪ್) ನೀರು ಸಿಂಪಡಿಸುವ ನಾಲ್ಕು ನಾಝಲ್. ಬೇಸಿಗೆಯಲ್ಲಿ ದಿನಕ್ಕೆ ಎರಡೂವರೆ ಲೀಟರಿನಷ್ಟು ಸಿಂಪಡಣೆ. ಎಲೆಯ ಮೇಲಿನ ಹನಿಯನ್ನು ನೆಕ್ಕಿಯೇ ಬದುಕುವ ಜೀವಿಗೆ ಬಟ್ಟಲಲ್ಲಿ ನೀರಿಟ್ಟು ಪ್ರಯೋಜನವಿಲ್ಲ. ಆದ್ದರಿಂದ ಒಳಗೆ ಬಿಟ್ಟದ್ದನ್ನು ಹೊರಗೆ ಕಳಿಸಲೇಬೇಕು.

ಮೊದಲು ಗೂಡಿನಡಿಗೆ ಟ್ರೇ ಇಟ್ಟೆ. ಚಳಿ ದೇಶದವರ ವಿಡಿಯೋಗಳಲ್ಲಿ ಅದರ ನೀರು ತಾನಾಗಿ ಆರುತ್ತದೆ. ಜುಲೈ ತಿಂಗಳ ಮುಂಬಯಿಯಲ್ಲಿ ಗಾಳಿಯೇ ತೇವ ತುಂಬಿಕೊಂಡು ಕೂತಿರುವಾಗ ಆರುವುದೆಲ್ಲಿಗೆ? ನಿಂತ ನೀರಿಗೆ ಸೊಳ್ಳೆ, ಸೊಳ್ಳೆಯ ಹಿಂದೆ ಡೆಂಗಿ. ಆಮೇಲೆ ಮಾಟುಂಗಾದ ಅಕ್ವೇರಿಯಂ ಗೆಳೆಯನ ಮಾತಿನಂತೆ ಸುಟ್ಟ ಜೇಡಿಮಣ್ಣಿನ ಉಂಡೆಗಳನ್ನು ಹಾಸಿ, ಮೇಲೆ ಬಲೆ, ಅದರ ಮೇಲೆ ಮಣ್ಣು ಹಾಕಿದೆ. ಎರಡು ಸಾವಿರದಷ್ಟು ಹೋಯಿತು. ಮಣ್ಣು ಹುಳಿವಾಸನೆ ಹಿಡಿಯಿತು. ಮೇವಿಗೆಂದು ಬಿಟ್ಟು ತಪ್ಪಿಸಿಕೊಂಡ ಕ್ರಿಕೆಟ್ ಹುಳುಗಳು ಉಂಡೆಗಳ ನಡುವೆ ಸತ್ತು ಕೊಳೆತವು. ಅಷ್ಟರಲ್ಲಿ ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಕಲೆ ಮೂಡಿ, ಅವರಿಗೆ ಬಣ್ಣ ಹೊಡೆಸಿಕೊಡಲು ಇನ್ನೂ ನಾಲ್ಕು ಸಾವಿರ ತೆತ್ತೆ.

ಕೊನೆಗೆ ನಾಗದೇವಿ ಸ್ಟ್ರೀಟಿನಿಂದ ಪೈಪಿನ ಫಿಟಿಂಗ್‌ಗಳನ್ನು ತಂದು, ಪಿವಿಸಿ ಫೋಮ್ ಶೀಟಿನ ತಳವನ್ನು ಹಿಂದಿನ ಮೂಲೆಗೆ ಇಳಿಜಾರಾಗಿ ಕೂರಿಸಿದೆ. ಎರಡಡಿಗೆ ಮುಕ್ಕಾಲು ಇಂಚು ಸಾಕು. ಹೆಚ್ಚಿನವರು ಸೋಲುವ ಜಾಗ ಇದು: ತೂತಿಗೆ ಪೈಪನ್ನು ಜೋಡಿಸುವ ಟ್ಯಾಂಕ್ ಕನೆಕ್ಟರ್‌ನ ಅಂಚು ತಳಕ್ಕಿಂತ ಮೂರ್ನಾಲ್ಕು ಮಿಲಿಮೀಟರ್ ಮೇಲೆದ್ದಿರುತ್ತದೆ, ಅಷ್ಟು ನೀರು ಸುತ್ತಲೂ ನಿಂತೇ ಇರುತ್ತದೆ. ನಾನು ಅಂಚಿನ ದಪ್ಪಕ್ಕೆ ಶೀಟನ್ನು ಕೆತ್ತಿ ಅದನ್ನು ಒಳಗಿಳಿಸಿದೆ. ಅರ್ಧ ಇಂಚಿನ ತೂತಿನ ಬಾಯಲ್ಲಿ ನೀರು ಪೊರೆ ಕಟ್ಟಿ ನಿಲ್ಲಬಹುದು, ಒಂದಿಂಚಿನದೇ ಒಳ್ಳೆಯದು. ಎಸಿಗೆ ಹಾಕುವ ಬಳುಕುವ ಕೊಳವೆಯೂ ಬೇಡ. ಜೋತುಬಿದ್ದ ಕಡೆ ನೀರು ನಿಂತು ಹಿಂದೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಟ್ಟಿ ಪೈಪನ್ನು ಉದ್ದಕ್ಕೂ ಇಳಿಜಾರಾಗಿ ಗೋಡೆಯಾಚೆ ಒಯ್ದು, ಬಚ್ಚಲು ನೆಲದ ಮೋರಿ ಬಾಯಿಯಾದ ನಹಾನಿ ಟ್ರ್ಯಾಪಿಗೆ ಸೇರಿಸದೆ ಎರಡು ಬೆರಳು ಮೇಲೆಯೇ ನಿಲ್ಲಿಸಿದ್ದೇನೆ. ಅದರ ಬಾಯಿಗೆ ನೈಲಾನ್ ಬಲೆ. ಇದುವರೆಗೆ ಒಂದು ಜಿರಳೆಯೂ ಬಂದಿಲ್ಲ.

ಮನಿಪ್ಲಾಂಟ್, ದಾಸವಾಳ ಎರಡೂ ಕುಂಡಗಳಲ್ಲೇ ಇವೆ, ತಳದಿಂದ ಒಂದೂವರೆ ಇಂಚು ಎತ್ತರದ ಪ್ಲಾಸ್ಟಿಕ್ ಜಾಲರಿಯ ಮೇಲೆ. ತೂತಿನ ಮೇಲಿನ ಸೋಸುಬಲೆಯನ್ನು ಎಲೆ ಕೂರದಂತೆ ಬಾಗಿಸಿದ ರೀತಿಯನ್ನು ಮಾತ್ರ ಬರೆಯುವುದಿಲ್ಲ. ಈಗ ಮೂರ್ನಾಲ್ಕು ಮಂದಿ ನನ್ನಿಂದಲೇ ಗೂಡು ಕಟ್ಟಿಸಿಕೊಳ್ಳುತ್ತಿದ್ದಾರೆ, ಅದು ನನ್ನ ಬಂಡವಾಳ. ಸಾಮಾನಿನ ಖರ್ಚು ಒಟ್ಟು ಸಾವಿರದ ಎಂಟುನೂರರ ಆಸುಪಾಸು. ಗೋಡೆ ಕೊರೆದವನು ಬೇರೆ ಆರುನೂರು ತೆಗೆದುಕೊಂಡ.

ಕುತೂಹಲಕ್ಕೆ ಹೊರಬರುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅಳೆದೆ. ಎರಡೂವರೆ ಲೀಟರ್ ಬಿಟ್ಟರೆ ಬರುತ್ತಿದ್ದದ್ದು ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು. ಉಳಿದದ್ದರಲ್ಲಿ ಬಹುಪಾಲು ಜಾಲರಿ ದಾಟಿ ಗೋಡೆಗೆ ಹಾರುತ್ತಿತ್ತು. ಕೆಳಗಿನವರ ಸೀಲಿಂಗ್ ಕಲೆಯ ಮೂಲವೂ ಅದೇ. ನಾಝಲ್‌ಗಳನ್ನು ಗಿಡದ ನಡುವಿಗೆ ತಿರುಗಿಸಿ, ಹಿಂಬದಿಗೆ ಅಡಿಯೆತ್ತರದ ಅಕ್ರಿಲಿಕ್ ಹಾಳೆ ಕಟ್ಟಿದ ಮೇಲೆ ಎರಡು ಲೀಟರ್ ಹತ್ತಿರ ಪೈಪಿನಲ್ಲೇ ಬರುತ್ತಿದೆ. ಆ ನೀರಿಗೆ ಬಾಲ್ಕನಿಯ ಕ್ರೋಟನ್ ಚೆನ್ನಾಗಿ ಚಿಗುರಿದೆ. ಕರಿಬೇವಿಗೆ ಹಾಕಬೇಡಿ, ಸರೀಸೃಪಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು.

ಮಳೆಗಾಲದಲ್ಲಿ ಸಿಂಪಡಣೆಯನ್ನು ಬೆಳಗ್ಗೆ, ಸಂಜೆ ಎರಡೇ ಹೊತ್ತಿಗೆ ಇಳಿಸುತ್ತೇನೆ. ನಡುವೆ ಎಲೆಗಳು ಪೂರ್ತಿ ಆರುವವರೆಗೆ ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನೊಂದು ಗೂಡಿನ ಹೊರಗೆ ತಿರುಗುತ್ತದೆ. ಗಾಳಿಯಾಡದ ತೇವದಲ್ಲಿ ಇವುಗಳಿಗೆ ಶ್ವಾಸಕೋಶದ ಸೋಂಕು ಬೇಗ ತಗಲುತ್ತದೆ.